ಯಂತ್ರ ಬಂತು, ಆಟಗಾರರು ಬರಲಿಲ್ಲ

ಮೊದಲು ಒಂದು ಸಣ್ಣ ಲೆಕ್ಕ. 2021ರ ಫೆಬ್ರುವರಿ 2ರಂದು ಸೋನಿ ಕಂಪೆನಿಯ ‘ಪ್ಲೇಸ್ಟೇಷನ್ 5’ ಎಂಬ ಆಟದ ಯಂತ್ರ ಭಾರತದ ಮಾರುಕಟ್ಟೆಗೆ ಬಂತು. ಬೆಲೆ 49,990 ರೂಪಾಯಿ. ಆ ಹಂಗಾಮಿನಲ್ಲಿ ಸರಕಾರ ತೊಗರಿಗೆ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 6,000 ರೂಪಾಯಿ. ಅಂದರೆ ಯಾದಗಿರಿ, ಶಹಾಪುರ, ಸುರಪುರದ ಕಡೆಯ ರೈತನೊಬ್ಬ ಮಗನಿಗೆ ಈ ಯಂತ್ರ ಕೊಡಿಸಬೇಕೆಂದರೆ ಎಂಟು ಕ್ವಿಂಟಲಿಗೂ ಮಿಕ್ಕಿ ತೊಗರಿ ತೂಗಬೇಕಿತ್ತು. ಎರಡು ಎಕರೆ ಹೊಲದ ಇಡೀ ವರ್ಷದ ಬೆಳೆ ಸಾಲದೆ ಹೋದರೂ ಹೋಗಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ಅದರಲ್ಲಿ ಆಡುವ ಕೆಲವು ಹೊಸ ಆಟಗಳಿಗೆ ಒಂದೊಂದಕ್ಕೆ 4,999 ರೂಪಾಯಿ. ಅದಕ್ಕೆ ಇನ್ನೂ 83 ಕಿಲೊ ತೊಗರಿ!

‘ಬಡ ಸೀಮೆ, ದುಬಾರಿ ಆಟಿಕೆ. ಹೋಗಲಿಲ್ಲ ಎಂದರೆ ಅದರಲ್ಲಿ ಅಚ್ಚರಿಯೇನು?’ ಎಂದು ನೀವು ಪುಟ ತಿರುವಬಹುದು. ಸ್ವಲ್ಪ ತಾಳಿ. ದುಡ್ಡೊಂದೇ ಕಾರಣವಾಗಿದ್ದರೆ ಅಮೆರಿಕ, ಜಪಾನಿನಂಥ ಸಿರಿವಂತ ದೇಶಗಳಲ್ಲಿ ಇಂಥ ಯಂತ್ರಗಳು ಸೋಲಬಾರದಿತ್ತು. ಅಲ್ಲಿಯೂ ಸೋತಿವೆ, ಕೆಲವು ನೆಲಕಚ್ಚಿವೆ. ಇತ್ತ ನಮ್ಮ ಕಡೆ ಹತ್ತು ಹದಿನೈದು ಸಾವಿರ ಕೊಟ್ಟು ಮೊಬೈಲ್ ಕೊಂಡ ಮನೆಗಳೇನು ಕಡಿಮೆಯೇ? ದುಡ್ಡು ಇದ್ದ ಕಡೆ ಯಂತ್ರ ಸೋತಿದೆ, ದುಡ್ಡು ಇಲ್ಲದ ಕಡೆ ಬೇರೊಂದು ಯಂತ್ರ ಗೆದ್ದಿದೆ. ಹಾಗಾದರೆ ಗುಟ್ಟು ಎಲ್ಲಿದೆ?

ಈ ಪ್ರಶ್ನೆ ಆಟದ ಹುಚ್ಚಿನ ಹುಡುಗರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಾಳೆ ಎಂಜಿನಿಯರ್ ಆಗಿ, ಅಂಗಡಿಕಾರನಾಗಿ, ಸಾಫ್ಟ್‌ವೇರ್ ಬರೆಯುವವಳಾಗಿ ಏನನ್ನಾದರೂ ತಯಾರಿಸಿ ಜನರ ಮುಂದಿಡುವ ಪ್ರತಿ ವಿದ್ಯಾರ್ಥಿಗೂ ಇದರಲ್ಲಿ ಪಾಠವಿದೆ. ಪಾಲಕರಿಗಂತೂ ಇನ್ನೂ ದೊಡ್ಡ ಪಾಠವಿದೆ. ಅದನ್ನು ಕೊನೆಗೆ ನೋಡೋಣ.

ಕನ್ಸೋಲ್ ಎಂದರೆ ಆಟಕ್ಕೆಂದೇ ಮಾಡಿದ ಒಂದು ಕಂಪ್ಯೂಟರ್. ಟಿವಿಗೆ ಜೋಡಿಸಬೇಕು, ಕೈಯಲ್ಲೊಂದು ಗುಂಡಿಗಳ ಹಿಡಿ, ಒಳಗೊಂದು ಆಟದ ಕ್ಯಾಸೆಟ್ಟೋ ಡಿಸ್ಕೋ. ಇದರ ಸೋಲಿನಲ್ಲಿ ಎರಡು ಬಗೆ. ಜಗತ್ತಿನಲ್ಲೇ ಸೋತದ್ದು ಒಂದು. ಜಗತ್ತನ್ನು ಗೆದ್ದು ನಮ್ಮೂರಿನ ಬಾಗಿಲಿಗೆ ಬಂದು ಹಿಂದಿರುಗಿದ್ದು ಇನ್ನೊಂದು. ಮೊದಲನೆಯದರಿಂದ ಶುರು ಮಾಡೋಣ.

ಸಂತೆಯ ನಿಯಮ

ವಾರದ ಸಂತೆಯನ್ನು ನೆನೆಸಿಕೊಳ್ಳಿ. ಮಾರುವವರು ಬರುವುದು ಕೊಳ್ಳುವವರು ಇರುತ್ತಾರೆ ಎಂಬ ಧೈರ್ಯದಿಂದ. ಕೊಳ್ಳುವವರು ಬರುವುದು ಮಾರುವವರು ಇರುತ್ತಾರೆ ಎಂಬ ನಂಬಿಕೆಯಿಂದ. ಒಂದು ವಾರ ಬಳೆಗಾರ ಬರಲಿಲ್ಲ, ಮರುವಾರ ಬಟ್ಟೆಯವನು ಬರಲಿಲ್ಲ ಎನ್ನಿ. ಮೂರನೆಯ ವಾರ ಹೆಣ್ಣುಮಕ್ಕಳು ಬರುವುದಿಲ್ಲ. ಅವರು ಬರದಿದ್ದರೆ ತರಕಾರಿಯವಳೂ ಬೇರೆ ಊರಿನ ಸಂತೆ ಹಿಡಿಯುತ್ತಾಳೆ. ಸಂತೆ ಕೂಡುವುದು ಕಷ್ಟ, ಮುರಿಯುವುದು ಸುಲಭ.

ಕನ್ಸೋಲ್ ಮಾಡುವ ಕಂಪೆನಿ ನಿಜಕ್ಕೂ ಯಂತ್ರ ಮಾರುವುದಿಲ್ಲ, ಸಂತೆ ಕೂಡಿಸುತ್ತದೆ. ಒಂದು ಕಡೆ ಆಟ ಬರೆಯುವ ಕಂಪೆನಿಗಳು, ಇನ್ನೊಂದು ಕಡೆ ಆಡುವ ಮಕ್ಕಳು. ಎಷ್ಟೋ ಸಲ ಯಂತ್ರವನ್ನು ಅಸಲಿಗಿಂತ ಕಡಿಮೆ ಬೆಲೆಗೂ ಕೊಡುತ್ತಾರೆ. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರ ಮೊದಲ ವರ್ಷಗಳಲ್ಲಿ ಸೋನಿಗೆ ಆದದ್ದು ಅದೇ. ಮತ್ತೆ ಲಾಭ ಎಲ್ಲಿಂದ? ಮಾರಾಟವಾಗುವ ಒಂದೊಂದು ಆಟದ ಮೇಲೂ ಕಂಪೆನಿಗೆ ಇಂತಿಷ್ಟು ಪಾಲು ಬರುತ್ತದೆ. ನಮ್ಮ ಸಂತೆಯ ಜಕಾತಿ ಇದ್ದ ಹಾಗೆ. ಸಂತೆ ತುಂಬಿದರೆ ಜಕಾತಿ, ಇಲ್ಲದಿದ್ದರೆ ಬರೀ ಬಯಲು.

ಜಪಾನಿನ ಸೆಗಾ ಕಂಪೆನಿಗೆ ಆದದ್ದು ಇದೇ. ಅದರ ‘ಡ್ರೀಮ್‌ಕಾಸ್ಟ್’ 1998ರ ನವೆಂಬರ್ 27ರಂದು ಜಪಾನಿನಲ್ಲೂ 1999ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲೂ ಬಂತು. ಒಳ್ಳೆಯ ಯಂತ್ರ. ಇಂಟರ್‌ನೆಟ್ಟಿಗೆ ಜೋಡಿಸುವ ಮೋಡೆಮ್ ಅದರೊಳಗೇ ಇತ್ತು. ಆದರೆ ಕ್ರೀಡೆಯ ಆಟಗಳಿಗೆ ಹೆಸರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಕಂಪೆನಿ ಈ ಸಂತೆಗೆ ಬರುವುದಿಲ್ಲ ಎಂದುಬಿಟ್ಟಿತು. ಇತ್ತ ಸೋನಿಯ ಪ್ಲೇಸ್ಟೇಷನ್ 2 ಬರಲಿದೆ ಎಂಬ ಸುದ್ದಿ ಕೇಳಿ ಕೊಳ್ಳುವವರೂ ಕೈ ಹಿಂದಕ್ಕೆ ತೆಗೆದರು. ಜನ ಇಲ್ಲವೆಂದು ಆಟ ಬರಲಿಲ್ಲ, ಆಟ ಇಲ್ಲವೆಂದು ಜನ ಬರಲಿಲ್ಲ. ಸುಮಾರು 91 ಲಕ್ಷ ಯಂತ್ರಗಳು ಹೋದ ಮೇಲೆ 2001ರ ಮಾರ್ಚಿನಲ್ಲಿ ತಯಾರಿಕೆ ನಿಂತಿತು. ಸೆಗಾ ಕನ್ಸೋಲ್ ಮಾಡುವ ಕೆಲಸವನ್ನೇ ಬಿಟ್ಟು ಬೇರೆಯವರ ಯಂತ್ರಗಳಿಗೆ ಆಟ ಬರೆಯುತ್ತ ಕುಳಿತಿತು. ಆಚೆ ಪ್ಲೇಸ್ಟೇಷನ್ 2 ಹದಿನೈದು ಕೋಟಿಗೂ ಮಿಕ್ಕಿ ಮಾರಾಟವಾಯಿತು.

ಇದೇ ಸೆಗಾ ಅದಕ್ಕೂ ಮೊದಲೊಂದು ಎಡವಟ್ಟು ಮಾಡಿಕೊಂಡಿತ್ತು. ಅದರ ‘ಸ್ಯಾಟರ್ನ್’ ಯಂತ್ರ ಅಮೆರಿಕದಲ್ಲಿ 1995ರ ಸೆಪ್ಟೆಂಬರಿನಲ್ಲಿ ಬರಬೇಕಿತ್ತು. ಪ್ರತಿಸ್ಪರ್ಧಿಗಿಂತ ಮೊದಲು ಬರುವ ಆತುರದಲ್ಲಿ ಮೇ ತಿಂಗಳಲ್ಲೇ, ಯಾರಿಗೂ ಮುನ್ಸೂಚನೆ ಕೊಡದೆ, ಆಯ್ದ ಕೆಲವೇ ಅಂಗಡಿಗಳಿಗೆ ಯಂತ್ರ ಕೊಟ್ಟು ‘ಇಂದಿನಿಂದಲೇ ಮಾರಾಟ, ಬೆಲೆ 399 ಡಾಲರ್’ ಎಂದು ಸಾರಿತು. ಬಿಟ್ಟುಹೋದ ಅಂಗಡಿಯವರು ಮುನಿದರು. ಆಟ ಬರೆಯುತ್ತಿದ್ದವರ ಕೆಲಸ ಅರ್ಧಕ್ಕೇ ನಿಂತಿತ್ತು. ಅದೇ ಮೇಳದಲ್ಲಿ ಸೋನಿಯ ಪ್ರತಿನಿಧಿ ವೇದಿಕೆಗೆ ಬಂದು ಆಡಿದ್ದು ಒಂದೇ ಮಾತು: ‘299’. ಅಷ್ಟು ಹೇಳಿ ಇಳಿದುಹೋದರು. ನೂರು ಡಾಲರ್ ಕಡಿಮೆ ಬೆಲೆಯ ಆ ಯಂತ್ರವೇ ಮೊದಲ ಪ್ಲೇಸ್ಟೇಷನ್. ಮೊದಲು ಬಂದವನು ಗೆಲ್ಲುತ್ತಾನೆ ಎಂಬುದು ಓಟದ ನಿಯಮ ಮಾತ್ರ. ಸಂತೆಯಲ್ಲಿ ನಾಲ್ಕು ಜನರನ್ನು ಜೊತೆಗೆ ಕರೆತಂದವನೇ ಗೆಲ್ಲುವುದು.

ಮಣ್ಣಿನಲ್ಲಿ ಹೂತ ನಂಬಿಕೆ

ಇನ್ನೊಂದು ಸೋಲು ಇದಕ್ಕಿಂತ ದೊಡ್ಡದು. 1980ರ ಸುಮಾರಿಗೆ ಅಮೆರಿಕದ ಮನೆಮನೆಯಲ್ಲೂ ಅಟಾರಿ ಕಂಪೆನಿಯ ಆಟದ ಯಂತ್ರವಿತ್ತು. ಸಂತೆ ತುಂಬಿತ್ತು, ನಿಜ. ಆದರೆ ಅಲ್ಲಿ ಜೊಳ್ಳು ಮಾರುವವರನ್ನು ತಡೆಯುವವರೇ ಇರಲಿಲ್ಲ. ಹೆಸರು ಕೇಳರಿಯದವರೆಲ್ಲ ಕಳಪೆ ಆಟ ಮಾಡಿ ತಂದರು. 1982ರಲ್ಲಿ ಅಟಾರಿ ತಾನೇ ಒಂದು ಹೆಸರಾಂತ ಸಿನಿಮಾದ ಹಕ್ಕು ಪಡೆದು ‘ಇ.ಟಿ.’ ಎಂಬ ಆಟವನ್ನು ಕ್ರಿಸ್‌ಮಸ್ಸಿಗೆ ಮುಟ್ಟಿಸಬೇಕೆಂದು ಐದೇ ವಾರಗಳಲ್ಲಿ ಬರೆಸಿತು. ಆಡಿದ ಮಕ್ಕಳು ಬೇಸತ್ತರು. ದುಡ್ಡು ಕೊಟ್ಟ ಅಪ್ಪ ಅಮ್ಮಂದಿರು ‘ಇನ್ನು ಸಾಕು’ ಎಂದರು. 1983ರಲ್ಲಿ ಸುಮಾರು 320 ಕೋಟಿ ಡಾಲರುಗಳಷ್ಟಿದ್ದ ಅಲ್ಲಿನ ಮನೆಯಾಟದ ವಹಿವಾಟು 1985ರ ಹೊತ್ತಿಗೆ 10 ಕೋಟಿಯ ಆಸುಪಾಸಿಗೆ ಕುಸಿಯಿತು ಎಂದು ಅಂದಾಜು. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳನ್ನು ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿದರು. ಇದು ಕಟ್ಟುಕಥೆ ಎಂದು ಹಲವರು ತಿಳಿದಿದ್ದರು. 2014ರಲ್ಲಿ ಅಗೆದು ನೋಡಿದಾಗ ಕ್ಯಾಸೆಟ್‌ಗಳು ನಿಜವಾಗಿಯೂ ಸಿಕ್ಕವು.

ಆ ಬಯಲಿನಲ್ಲಿ ಮತ್ತೆ ಸಂತೆ ಕೂಡಿಸಿದ್ದು ನಿಂಟೆಂಡೊ. 1983ರಲ್ಲಿ ಜಪಾನಿನಲ್ಲಿ ‘ಫ್ಯಾಮಿಕಾಮ್’ ಎಂಬ ಹೆಸರಿನಿಂದ ಗೆದ್ದಿದ್ದ ಯಂತ್ರವನ್ನು 1985ರಲ್ಲಿ ಅಮೆರಿಕಕ್ಕೆ ಒಯ್ಯುವಾಗ ಅದು ‘ವಿಡಿಯೋ ಗೇಮ್’ ಎಂಬ ಮಾತನ್ನೇ ಬದಿಗಿಟ್ಟಿತು. ‘ಮನರಂಜನೆಯ ವ್ಯವಸ್ಥೆ’ ಎಂದು ಹೆಸರಿಟ್ಟು, ಜೊತೆಗೆ ಪುಟ್ಟ ರೋಬಾಟ್ ಬೊಂಬೆಯನ್ನೂ ಕೊಟ್ಟಿತು. ತನ್ನ ಒಪ್ಪಿಗೆ ಇಲ್ಲದ ಆಟ ಓಡದಂತೆ ಯಂತ್ರದೊಳಗೆ ಬೀಗದ ಚಿಪ್ಪೊಂದನ್ನು ಇಟ್ಟಿತು. ಒಂದು ಕಂಪೆನಿ ವರ್ಷಕ್ಕೆ ಐದು ಆಟಕ್ಕಿಂತ ಹೆಚ್ಚು ತರಬಾರದು ಎಂದು ಕಟ್ಟು ಮಾಡಿತು. ಜೊಳ್ಳನ್ನು ತೂರಿ ಕಾಳನ್ನು ಮಾತ್ರ ಸಂತೆಗೆ ಬಿಡುವ ಉಪಾಯ. ಪಾಲಕರ ನಂಬಿಕೆ ನಿಧಾನವಾಗಿ ಮರಳಿತು.

ಅಂಥ ನಿಂಟೆಂಡೊ ಕೂಡ ಒಂದು ಹೆಸರಿನಿಂದ ಪೆಟ್ಟು ತಿಂದಿತು. ಅದರ ‘ವೀ’ ಯಂತ್ರ ಹತ್ತು ಕೋಟಿ ಮಾರಾಟವಾಗಿತ್ತು. 2012ರಲ್ಲಿ ಹೊಸ ಯಂತ್ರ ತಂದು ಅದಕ್ಕೆ ‘ವೀ ಯು’ ಎಂದು ಹೆಸರಿಟ್ಟರು. ಇದು ಹೊಸ ಯಂತ್ರವೋ, ಹಳೆಯದಕ್ಕೆ ಜೋಡಿಸುವ ಬಿಡಿಭಾಗವೋ ಎಂದು ಜನರಿಗೆ ತಿಳಿಯಲೇ ಇಲ್ಲ. ಮಾರಾಟವಾದದ್ದು 1 ಕೋಟಿ 35 ಲಕ್ಷ ಮಾತ್ರ. ಹಳೆಯದರ ಏಳನೆಯ ಒಂದು ಭಾಗ! ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬಿಡಿಸಿ ಬರೆಯದ ವಿದ್ಯಾರ್ಥಿಯ ಪಾಡು ಅದರದು.

ಶೆಲ್ಲಿನ ಲೆಕ್ಕ

ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಕಥೆಯೊಂದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. 1989ರಲ್ಲಿ ನಿಂಟೆಂಡೊ ‘ಗೇಮ್ ಬಾಯ್’ ತಂದಿತು. ಪರದೆಯಲ್ಲಿ ಬಣ್ಣವಿಲ್ಲ, ಹಿಂದೆ ಬೆಳಕಿಲ್ಲ, ಮಾಸಲು ಹಸಿರು ಬಣ್ಣದ ಮೇಲೆ ಕಪ್ಪು ಚಿತ್ರ. ಮರುವರ್ಷ ಸೆಗಾ ‘ಗೇಮ್ ಗಿಯರ್’ ತಂದಿತು. ಬಣ್ಣವೂ ಇತ್ತು, ಬೆಳಕೂ ಇತ್ತು. ಗೆಲ್ಲಬೇಕಾದದ್ದು ಯಾವುದು? ಗೆದ್ದದ್ದು ಬಣ್ಣವಿಲ್ಲದ ಬಡಪಾಯಿ. ಗೇಮ್ ಬಾಯ್ ನಾಲ್ಕು ಶೆಲ್ಲು ಹಾಕಿದರೆ ಹತ್ತು ಗಂಟೆಗೂ ಮೀರಿ ಆಡುತ್ತಿತ್ತು. ಗೇಮ್ ಗಿಯರ್ ಆರು ಶೆಲ್ಲು ನುಂಗಿ ಮೂರರಿಂದ ಐದು ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ಶೆಲ್ಲಿಗೆ ಪದೇ ಪದೇ ದುಡ್ಡು ಕೊಡುವವರು ಯಾರು? ಅಪ್ಪ. ಅಲ್ಲಿಗೆ ಕಥೆ ಮುಗಿಯಿತು.

ಗೇಮ್ ಬಾಯ್ ಹಿಂದಿದ್ದ ಎಂಜಿನಿಯರ್ ಗುನ್‌ಪೇ ಯೊಕೊಯ್. ಹೊಚ್ಚಹೊಸ ತಂತ್ರಜ್ಞಾನದ ಬೆನ್ನು ಹತ್ತಬೇಡಿ, ಅಗ್ಗವಾಗಿ ಸಿಗುವ, ಚೆನ್ನಾಗಿ ಪಳಗಿದ ಹಳೆಯದನ್ನೇ ಹೊಸ ಕೆಲಸಕ್ಕೆ ಬಳಸುವುದನ್ನು ಕಲಿಯಿರಿ ಎಂಬುದು ಅವರ ತತ್ವ. ಸೈಕಲ್ಲಿನ ಚಕ್ರದಿಂದ ಕುಡುಗೋಲು ಸಾಣೆ ಹಿಡಿಯುವವನನ್ನು ನೋಡಿದ ನಮಗೆ ಈ ತತ್ವ ಹೊಸದಲ್ಲ. ಎಂಜಿನಿಯರಿಂಗ್ ಓದುವ ಮಕ್ಕಳು ಮಾತ್ರ ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ನಮ್ಮೂರಿನ ಟಿವಿ ಗೇಮ್

ಈಗ ನಮ್ಮ ಬಾಗಿಲಿಗೆ ಬರೋಣ. ತೊಂಬತ್ತರ ದಶಕದಲ್ಲಿ ನಮ್ಮ ದೇಶದ ಸಣ್ಣ ಊರುಗಳಿಗೂ ಆಟದ ಯಂತ್ರ ಬಂದಿತ್ತು. ಅದನ್ನು ಯಾರೂ ಕನ್ಸೋಲ್ ಎನ್ನುತ್ತಿರಲಿಲ್ಲ, ‘ಟಿವಿ ಗೇಮ್’ ಅಥವಾ ‘ವಿಡಿಯೋ ಗೇಮ್’ ಎನ್ನುತ್ತಿದ್ದರು. ಅವುಗಳಲ್ಲಿ ಬಹುಪಾಲು ಜಪಾನಿನ ಫ್ಯಾಮಿಕಾಮಿನ ನಕಲು. ಜಪಾನಿನ ಮೂಲ ಯಂತ್ರದಲ್ಲಿ ಬೀಗದ ಚಿಪ್ಪು ಇರಲಿಲ್ಲವಾದ್ದರಿಂದ ನಕಲು ಮಾಡುವುದು ಸುಲಭವಾಯಿತು. ಮಾರಿಯೊ, ಕಾಂಟ್ರಾ, ಡಕ್ ಹಂಟ್, ರೋಡ್ ಫೈಟರ್ ಆಟಗಳ ಹೆಸರು ಹೇಳಿದರೆ ಇವತ್ತು ನಲವತ್ತು ದಾಟಿದ ಎಷ್ಟೋ ಅಪ್ಪಂದಿರ ಮುಖ ಅರಳುತ್ತದೆ. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಬರೆದಿರುತ್ತಿತ್ತು. ಒಳಗೆ ನೋಡಿದರೆ ಅದದೇ ಹತ್ತು ಹನ್ನೆರಡು ಆಟ ಬೇರೆ ಬೇರೆ ಹೆಸರಿನಲ್ಲಿ!

ಈ ನಕಲಿಗೆ ಅಸಲಿಗಿಂತ ಹೆಚ್ಚು ಬುದ್ಧಿಯಿತ್ತು ಎನ್ನಬೇಕು. ಬೆಲೆ ಕೈಗೆಟುಕುವಂತಿತ್ತು. ಒಬ್ಬನ ಮನೆಯಲ್ಲಿ ಒಂದಿದ್ದರೆ ಓಣಿಯ ಹತ್ತು ಹುಡುಗರಿಗೆ ಆಟ. ಕ್ಯಾಸೆಟ್ ಅದಲು ಬದಲು ಮಾಡಿಕೊಳ್ಳಬಹುದು. ಕೆಟ್ಟರೆ ರೇಡಿಯೋ ರಿಪೇರಿಯವನ ಬಳಿ ಒಯ್ದು ‘ಕಾಕಾ, ಸ್ವಲ್ಪ ನೋಡ್ರಿ’ ಎಂದರೆ ವೈರು ಬೆಸೆದು ಕೊಡುತ್ತಿದ್ದ.

ಆದರೂ ಅದು ಮನೆಯಲ್ಲಿ ಬಹಳ ದಿನ ನಿಲ್ಲಲಿಲ್ಲ. ಯಾಕೆ? ಮನೆಗೆ ಇದ್ದದ್ದು ಒಂದೇ ಟಿವಿ. ಅಜ್ಜನಿಗೆ ವಾರ್ತೆ, ಅವ್ವನಿಗೆ ಧಾರಾವಾಹಿ, ಅಣ್ಣನಿಗೆ ಕ್ರಿಕೆಟ್. ಮಗನ ಆಟಕ್ಕೆ ಉಳಿಯುತ್ತಿದ್ದದ್ದು ಬೇಸಿಗೆಯ ಮಧ್ಯಾಹ್ನ. ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಅಂದಿನ ಆಟಗಳಲ್ಲಿ ಬಹುಪಾಲಿಗೆ ಎಲ್ಲಿಗೆ ಬಂದೆವೆಂದು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಇರಲಿಲ್ಲ. ಏಳನೆಯ ಮನೆ ದಾಟಿದವನು ಕರೆಂಟ್ ಬಂದ ಮೇಲೆ ಮತ್ತೆ ಒಂದನೆಯ ಮನೆಯಿಂದ ಶುರು ಮಾಡಬೇಕು. ಇದರ ಮೇಲೆ ಅವ್ವನ ಕೂಗು ಬೇರೆ: ‘ಟ್ಯೂಬ್ ಹೋಗ್ತದ ನೋಡು, ಬಂದ್ ಮಾಡು!’ ಅವ್ವ ಹೇಳಿದ್ದು ಪೂರಾ ಸುಳ್ಳಲ್ಲ. ಹಳೆಯ ಟಿವಿಯ ಗಾಜಿನ ಟ್ಯೂಬಿನೊಳಗೆ ಬೆಳಕು ಸೂಸುವ ಲೇಪವಿರುತ್ತಿತ್ತು. ಒಂದೇ ನಿಂತ ಚಿತ್ರವನ್ನು ದಿನಗಟ್ಟಲೆ ಬಿಟ್ಟರೆ ಆ ಜಾಗ ಸವೆದು ಕಲೆ ಉಳಿಯುತ್ತಿತ್ತು. ದಿನಕ್ಕೆ ಒಂದು ತಾಸು ಆಡಿದರೆ ಏನೂ ಆಗುತ್ತಿರಲಿಲ್ಲ. ಆದರೆ ಸಾವಿರಾರು ರೂಪಾಯಿಯ ಟಿವಿಯ ವಿಷಯದಲ್ಲಿ ಆ ಸೂಕ್ಷ್ಮವನ್ನು ಅವ್ವನಿಗೆ ತಿಳಿಸಿ ಹೇಳುವ ಧೈರ್ಯ ಯಾರಿಗಿತ್ತು?

ಮುಂದೆ ಅಸಲಿ ಯಂತ್ರಗಳು ಅಧಿಕೃತವಾಗಿಯೇ ದೇಶಕ್ಕೆ ಬಂದವು. ಮೈಕ್ರೊಸಾಫ್ಟಿನ ‘ಎಕ್ಸ್‌ಬಾಕ್ಸ್ 360’ 2006ರಲ್ಲಿ, ಪ್ಲೇಸ್ಟೇಷನ್ 3 2007ರಲ್ಲಿ, ಪ್ಲೇಸ್ಟೇಷನ್ 4 2014ರ ಜನವರಿಯಲ್ಲಿ. ಕೊನೆಯ ಎರಡರ ಆರಂಭದ ಬೆಲೆ 39,990 ರೂಪಾಯಿ. 2017ರಲ್ಲಿ ಜಿಎಸ್‌ಟಿ ಬಂದಾಗ ವಿಡಿಯೋ ಗೇಮ್ ಯಂತ್ರಗಳು ಶೇ 28ರ ತೆರಿಗೆಯ ಸಾಲಿಗೆ ಸೇರಿದವು. ದೇಸಿ ರುಚಿ ಬೆರೆಸುವ ಯತ್ನವೂ ನಡೆಯಿತು. 2009ರಲ್ಲಿ ಹೈದರಾಬಾದಿನ ಕಂಪೆನಿಗಳು ಪ್ಲೇಸ್ಟೇಷನ್ 2ಕ್ಕೆಂದು ‘ಹನುಮಾನ್: ಬಾಯ್ ವಾರಿಯರ್’ ಆಟವನ್ನೂ, ಕಬಡ್ಡಿ, ಗಿಲ್ಲಿದಾಂಡು, ಗಾಳಿಪಟಗಳ ‘ದೇಸಿ ಅಡ್ಡಾ’ ಎಂಬ ಆಟದ ಕಟ್ಟನ್ನೂ ಹೊರತಂದವು. ಉದ್ದೇಶ ಒಳ್ಳೆಯದೇ. ಆದರೆ ಚಿಣ್ಣಿದಾಂಡು ಆಡಲು ನಮ್ಮ ಹುಡುಗನಿಗೆ ಬೇಕಾದದ್ದು ಒಂದು ಬೇವಿನ ಟೊಂಗೆ. ಅದನ್ನು ಬಿಟ್ಟು ಸಾವಿರಾರು ರೂಪಾಯಿಯ ಯಂತ್ರದಲ್ಲಿ ಅದನ್ನೇ ಆಡಬೇಕು ಎಂದರೆ ಕಾರಣ ಬಲವಾಗಿರಬೇಕು.

ನಮ್ಮಂಥವರಿಗೆಂದೇ ಮಾಡಿದ ಯಂತ್ರ

ಬಡ ದೇಶಗಳ ಈ ಕಷ್ಟವನ್ನೆಲ್ಲ ಲೆಕ್ಕ ಹಾಕಿಯೇ ಮಾಡಿದ ಯಂತ್ರವೂ ಒಂದಿತ್ತು. ಅದರ ಹೆಸರು ‘ಜೀಬೊ’. ಮೊಬೈಲ್ ಚಿಪ್ ತಯಾರಿಸುವ ಅಮೆರಿಕದ ಕ್ವಾಲ್‌ಕಾಮ್ ಮತ್ತು ಬ್ರೆಜಿಲಿನ ಟೆಕ್‌ಟಾಯ್ ಸೇರಿ ಮಾಡಿದ್ದು. ಒಳಗಿದ್ದದ್ದು ಮೊಬೈಲ್ ಫೋನಿನ ಚಿಪ್. ಡಿಸ್ಕ್ ಇಲ್ಲ, ಕ್ಯಾಸೆಟ್ ಇಲ್ಲ. ಆಟಗಳು ಮೊಬೈಲ್ ಜಾಲದ ಮೂಲಕ ನೇರವಾಗಿ ಯಂತ್ರಕ್ಕೆ ಇಳಿಯುತ್ತವೆ. ಅಂಗಡಿ ಬೇಡ, ಮನೆಗೆ ಇಂಟರ್‌ನೆಟ್ ಬೇಡ, ಕಳ್ಳ ನಕಲಿನ ಭಯವೂ ಇಲ್ಲ. 2009ರಲ್ಲಿ ಬ್ರೆಜಿಲಿನಲ್ಲಿ, ಆಮೇಲೆ ಮೆಕ್ಸಿಕೊದಲ್ಲಿ ಮಾರಾಟ ಶುರುವಾಯಿತು. ಭಾರತ, ಚೀನಾ ಮುಂದಿನ ಗುರಿ ಎಂದು ಹೇಳಿಕೊಂಡಿದ್ದರು. ಕಾಗದದ ಮೇಲೆ ಎಷ್ಟು ಚೆಂದ!

2011ರಲ್ಲಿ ಅಂಗಡಿ ಮುಚ್ಚಿತು. ಕಾರಣ ಹುಡುಕುವುದು ಕಷ್ಟವಲ್ಲ. ಬ್ರೆಜಿಲಿನ ಹುಡುಗನ ಕಣ್ಣೆದುರು ಪ್ಲೇಸ್ಟೇಷನ್ 2 ಇತ್ತು. ಅದರ ಆಟಗಳ ನಕಲಿ ಡಿಸ್ಕುಗಳು ಬೀದಿಬದಿಯಲ್ಲಿ ಸಿಗುತ್ತಿದ್ದವು. ಚಿತ್ರ ಜೀಬೊಗಿಂತ ಬಹಳ ಚೆಲುವು. ಜೀಬೊದಲ್ಲಿದ್ದ ಅನೇಕ ಆಟಗಳು ಮೊಬೈಲಿಗೆಂದು ತಗ್ಗಿಸಿ ಬರೆದವು. ಕಡಿಮೆ ಬೆಲೆ ಎಂದರೂ ಅದು ಕಡಿಮೆ ದರ್ಜೆಯ ಆಟಕ್ಕೆ ಕೊಡುವ ಹೆಚ್ಚಿನ ಬೆಲೆ ಎಂದು ಜನರಿಗೆ ಅನ್ನಿಸಿತು. ಕೊಂಡ ಆಟವನ್ನು ಗೆಳೆಯನಿಗೆ ಎರಡು ದಿನ ಕೊಡಲು ಬರುವುದಿಲ್ಲ, ಬೇಸರ ಬಂದರೆ ಮಾರಲೂ ಬರುವುದಿಲ್ಲ.

ಇಲ್ಲೊಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಡವನಿಗೆ ಅಗ್ಗದ್ದು ಸಾಕು ಎಂದು ತಿಳಿದವರು ಬಡವನನ್ನು ಅರ್ಥ ಮಾಡಿಕೊಂಡಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇರುವವನೇ ಹೆಚ್ಚು ಅಳೆದು ತೂಗಿ ಕೊಳ್ಳುವುದು. ಹತ್ತು ವರ್ಷ ಬಾಳುವುದೇ, ರಿಪೇರಿ ಆಗುವುದೇ, ನಾಲ್ಕು ಜನಕ್ಕೆ ಉಪಯೋಗ ಬರುವುದೇ, ಕಷ್ಟ ಬಂದರೆ ಮಾರಬಹುದೇ ಎಂದು ಅವನು ಕೇಳುತ್ತಾನೆ. ಕನ್ಸೋಲ್ ಈ ನಾಲ್ಕೂ ಪ್ರಶ್ನೆಗಳಿಗೆ ನಮ್ಮೂರುಗಳಲ್ಲಿ ಸರಿಯಾದ ಉತ್ತರ ಕೊಡಲಿಲ್ಲ. ಮೊಬೈಲ್ ಕೊಟ್ಟಿತು.

ಗುಳೆಯ ಜೊತೆ ಬಂದ ಆಟ

ಮೊಬೈಲ್ ಫೋನ್ ನಮ್ಮ ಮನೆಗಳಿಗೆ ಆಟದ ಸಲುವಾಗಿ ಬರಲಿಲ್ಲ. ಯಾದಗಿರಿ ಜಿಲ್ಲೆಯ ಎಷ್ಟೋ ಕುಟುಂಬಗಳಿಗೆ ಗುಳೆ ಹೋಗುವುದು ಹೊಸದಲ್ಲ. ಬೆಂಗಳೂರು, ಮುಂಬಯಿ, ಪುಣೆಗಳಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಅಪ್ಪ ಅವ್ವನ ದನಿ ಅಜ್ಜಿಯ ಜೊತೆ ಉಳಿದ ಮಕ್ಕಳಿಗೆ ಕೇಳಬೇಕು. ಅದಕ್ಕೆ ಫೋನು ಬಂತು. ಆಮೇಲೆ ಮುಖ ಕಾಣಬೇಕು ಎನಿಸಿತು, ದೊಡ್ಡ ಪರದೆಯ ಫೋನು ಬಂತು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾದ ಮೇಲೆ ಡೇಟಾ ಅಗ್ಗವಾಯಿತು. ಆಟ ಆ ಫೋನಿನ ಹೆಗಲೇರಿ ಪುಕ್ಕಟೆ ಪ್ರಯಾಣಿಕನಂತೆ ಒಳಗೆ ಬಂತು. ಅದಕ್ಕಾಗಿ ಯಾರೂ ತೊಗರಿ ಮಾರಬೇಕಾಗಲಿಲ್ಲ, ಟಿವಿಯ ಮುಂದೆ ಜಗಳವಾಡಬೇಕಾಗಲಿಲ್ಲ, ಕರೆಂಟ್ ಕಾಯಬೇಕಾಗಲಿಲ್ಲ.

ಮೇಲಾಗಿ ಗೆಳೆಯರೆಲ್ಲ ಅಲ್ಲಿಯೇ ಇದ್ದರು. 2018ರಲ್ಲಿ ಬಂದ ‘ಪಬ್‌ಜಿ’ಯನ್ನು ಹುಡುಗರು ಹಚ್ಚಿಕೊಂಡದ್ದು ಅದರ ಬಂದೂಕಿಗಿಂತ ಹೆಚ್ಚಾಗಿ ನಾಲ್ವರು ಕೂಡಿ ಆಡುವ ಗುಂಪಿಗಾಗಿ. ಕೇಂದ್ರ ಸರಕಾರ 2020ರ ಸೆಪ್ಟೆಂಬರ್ 2ರಂದು ಅದನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಹುಡುಗರು ಬೇರೊಂದು ಆಟಕ್ಕೆ ಗುಂಪಾಗಿಯೇ ನಡೆದುಹೋದರು. ಅದೇ ವರ್ಷದ ಲಾಕ್‌ಡೌನಿನಲ್ಲಿ ಊರೂರಿನ ನೆಂಟರನ್ನು ಕೂಡಿಸಿದ ‘ಲೂಡೊ ಕಿಂಗ್’ ಕೂಡ ಮುಂಬಯಿಯಲ್ಲಿ ಹುಟ್ಟಿದ ಆಟವೇ. ಲೂಡೊ ಎಂದರೆ ನಮ್ಮ ಪಗಡೆಯ ಬಳಗದ ಕೂಸು. ಇಂಗ್ಲೆಂಡಿಗೆ ಹೋಗಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಸ ಹೆಸರು ಪಡೆದು ತಿರುಗಿ ಬಂದದ್ದು.

ಪಾಲಕರಿಗೆ ಒಂದು ಮಾತು

ಕನ್ಸೋಲ್ ನಮ್ಮೂರಿನಲ್ಲಿ ಸೋತಿತು ಎಂದು ಪಾಲಕರು ನಿಟ್ಟುಸಿರು ಬಿಡುವ ಹಾಗಿಲ್ಲ. ಸೋತದ್ದು ತನ್ನ ಬೆಲೆಯನ್ನು ಡಬ್ಬದ ಮೇಲೆ ಬರೆದುಕೊಂಡು ಬರುತ್ತಿದ್ದ ಯಂತ್ರ. ಗೆದ್ದದ್ದು ‘ಪುಕ್ಕಟೆ’ ಎಂದು ಹೇಳಿ ಒಳಗೆ ಬಂದ ಆಟ. ಈ ವ್ಯತ್ಯಾಸ ಸಣ್ಣದಲ್ಲ. ಹಳೆಯ ಟಿವಿ ಗೇಮಿಗೆ ಒಮ್ಮೆ ದುಡ್ಡು ಕೊಟ್ಟರೆ ಅದು ಮತ್ತೆ ಕೈಯೊಡ್ಡುತ್ತಿರಲಿಲ್ಲ. ಹುಡುಗ ಆಡಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಈಗಿನ ಪುಕ್ಕಟೆ ಆಟ ಬದುಕುವುದೇ ಹುಡುಗ ಬಿಡದಿದ್ದರೆ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿಸಿದರೆ ನಷ್ಟ, ವೇಷಕ್ಕಿಷ್ಟು, ಆಯುಧಕ್ಕಿಷ್ಟು. ಏನು ಸಿಗುತ್ತದೆಂದು ಗೊತ್ತಿಲ್ಲದೆ ದುಡ್ಡು ಕೊಟ್ಟು ಒಡೆಯುವ ‘ಲೂಟ್ ಬಾಕ್ಸ್’ ಎಂಬ ಗಂಟೂ ಉಂಟು. ಬೆಲ್ಜಿಯಂ ದೇಶ 2018ರಲ್ಲಿ ಕೆಲವು ಆಟಗಳಲ್ಲಿನ ಇಂಥ ಗಂಟುಗಳು ಜೂಜಿನ ಕಾನೂನಿಗೆ ವಿರುದ್ಧ ಎಂದು ಸಾರಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಆದರೆ ಆಟದೊಳಗೆ ವೇಷ, ಆಯುಧ ಕೊಳ್ಳುವುದು ಬೇರೆ ವಿಷಯ. ಅದನ್ನು ಕಾಯುವ ಪೊಲೀಸ್ ನೀವೇ.

2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆ ಶೇ 50.59 ಫಲಿತಾಂಶ ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಾಗ ‘ಮೊಬೈಲಿನಿಂದಲೇ ಹೀಗಾಯಿತು’ ಎನ್ನುವವರು ಇದ್ದರು. ಮೊಬೈಲ್ ಮೊದಲ ಸ್ಥಾನದ ಉಡುಪಿಯಲ್ಲೂ ಇದೆಯಲ್ಲ! ಅಪ್ಪ ಅವ್ವ ಗುಳೆ ಹೋದ ಮನೆಯಲ್ಲಿ ಸಂಜೆ ಓದಿಸುವವರು ಯಾರು ಎಂಬ ಪ್ರಶ್ನೆಯನ್ನು ಬಿಟ್ಟು ಆಟದ ಮೇಲೆ ಗೂಬೆ ಕೂರಿಸುವುದು ಸುಲಭದ ದಾರಿ. ಆಟ ಆ ಖಾಲಿ ಸಂಜೆಯನ್ನು ತುಂಬಿತು. ಸಂಜೆಯನ್ನು ಖಾಲಿ ಮಾಡಿದ್ದು ಆಟವಲ್ಲ.

ಮಗನೋ ಮಗಳೋ ಒಂದು ಆಟ ಬೇಕೆಂದಾಗ ಸುಮ್ಮನೆ ಗದರಬೇಡಿ, ಸುಮ್ಮನೆ ಕೊಡಿಸಲೂ ಬೇಡಿ. ಕೂಡಿಸಿಕೊಂಡು ಕೇಳಿ: ಇದಕ್ಕೆ ಒಟ್ಟು ಎಷ್ಟು ಖರ್ಚು? ಆಮೇಲೂ ದುಡ್ಡು ಕೇಳುತ್ತದೆಯೇ? ಯಾರ ಜೊತೆ ಆಡುತ್ತಿ? ನಡುವೆ ನಿಲ್ಲಿಸಿ ಊಟಕ್ಕೆ ಏಳಬಹುದೇ? ಇದು ಬೇಸರವಾದರೆ ಬಿಡಲು ಬರುತ್ತದೆಯೇ? ಈ ಐದಕ್ಕೆ ಮಗು ನಿಜವಾದ ಉತ್ತರ ಹುಡುಕಿ ತಂದರೆ ಅದು ಅರ್ಧ ಅರ್ಥಶಾಸ್ತ್ರ ಕಲಿತ ಹಾಗೆ. ಫೋನಿನಲ್ಲಿ ಹಣ ಪಾವತಿಯ ಪಿನ್ ಸಂಖ್ಯೆ ಮಾತ್ರ ನಿಮ್ಮ ನೆನಪಿನಲ್ಲೇ ಇರಲಿ, ಮಗನ ನೆನಪಿನಲ್ಲಿ ಬೇಡ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ

ನಿಮ್ಮೂರಿನ ಹಳೆಯ ಗುಡಿಗೋ ಕೋಟೆಗೋ ಹೋದಾಗ ಕಟ್ಟೆಯ ಹಾಸುಗಲ್ಲುಗಳನ್ನು ಬಗ್ಗಿ ನೋಡಿ. ಹುಲಿ-ಕುರಿ ಆಟದ ಗೆರೆಗಳನ್ನೋ ಚೌಕಾಬಾರದ ಮನೆಗಳನ್ನೋ ಯಾರೋ ಕೆತ್ತಿರುವುದು ಸಿಕ್ಕರೂ ಸಿಗಬಹುದು. ನಮ್ಮ ನಾಡಿನ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಅಂಥವು ಉಳಿದಿವೆ. ಸಿಗದಿದ್ದರೆ ಸುಣ್ಣದ ಬಳಪದಿಂದ ಮನೆಯ ಪಡಸಾಲೆಯಲ್ಲೇ ಬರೆಯಿರಿ. ಕಾಯಿಗೆ ಹುಣಸೆ ಬೀಜ, ಹರಳು ಏನಾದರೂ ಆದೀತು. ಅಜ್ಜಿಯನ್ನು ಕರೆದು ಎದುರಿಗೆ ಕೂಡಿಸಿಕೊಂಡು ಆಡಿ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಮಾಡಿ. ಒಂದರಲ್ಲಿ ಡ್ರೀಮ್‌ಕಾಸ್ಟ್, ಇನ್ನೊಂದರಲ್ಲಿ ಹುಲಿ-ಕುರಿ. ಬೆಲೆ, ಕರೆಂಟ್, ರಿಪೇರಿ, ಜೊತೆಗಾರರು, ಕಲಿಯಲು ಬೇಕಾದ ಹೊತ್ತು, ಎಷ್ಟು ಕಾಲ ಬಾಳಿತು ಎಂದು ಒಂದೊಂದಾಗಿ ತುಂಬುತ್ತ ಹೋಗಿ. ಹುಲಿ-ಕುರಿ ಎಲ್ಲದರಲ್ಲೂ ಗೆಲ್ಲುವುದಿಲ್ಲ. ಅದರಲ್ಲಿ ಬಣ್ಣವಿಲ್ಲ, ಸದ್ದಿಲ್ಲ, ದೂರದ ಗೆಳೆಯನ ಜೊತೆ ಆಡಲು ಬರುವುದಿಲ್ಲ. ಆ ಖಾಲಿ ಉಳಿದ ಮನೆಗಳೇ ನಿಮಗೆ ಕೆಲಸ. ಬಡವನ ನಾಲ್ಕೂ ಪ್ರಶ್ನೆಗೆ ಉತ್ತರ ಕೊಡುವ, ಕನ್ನಡದಲ್ಲಿ ಮಾತಾಡುವ, ಕರೆಂಟ್ ಹೋದರೂ ನಿಲ್ಲದ, ಅವ್ವನೂ ಕೂತು ಆಡಬಹುದಾದ ಒಂದು ಆಟವನ್ನು ಸುರಪುರದ ಹುಡುಗಿಯೊಬ್ಬಳು ಮಾಡಬಾರದೆಂದು ಯಾವ ಕಂಪೆನಿಯೂ ಬೀಗದ ಚಿಪ್ಪು ಹಾಕಿಲ್ಲ.